ಒಬ್ಬರ ಅಳಲು ಊರಿನ ಅಹವಾಲಾಗುವ ಬಗೆ

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಮನೆ ಯಾವುದು, ಕಾರ್ಖಾನೆ ಯಾವುದು ಎಂದು ಹೊರಗೆ ನಿಂತು ಹೇಳುವುದು ಕಷ್ಟ. ಒಂದು ಕೋಣೆಯಲ್ಲಿ ಎರಡೋ ನಾಲ್ಕೋ ವಿದ್ಯುತ್ ಮಗ್ಗ, ಪಕ್ಕದಲ್ಲೇ ಅಡುಗೆಮನೆ. ಮಗ್ಗದ ಸದ್ದು ಒಮ್ಮೆಲೇ ನಿಂತರೆ ಕರೆಂಟು ಹೋಯಿತೆಂದು ಇಡೀ ಬೀದಿಗೆ ತಿಳಿಯುತ್ತದೆ. ಆ ಮಗ್ಗದಿಂದ ಒಂದು ರೇಷ್ಮೆ ಸೀರೆ ಇಳಿಯಬೇಕಾದರೆ ಎಷ್ಟು ಕೈಗಳು ಕೂಡಬೇಕು ನೋಡಿ. ರೈತ ಹಿಪ್ಪುನೇರಳೆ ಬೆಳೆದು ಹುಳು ಸಾಕಬೇಕು. ಗೂಡು ದೇವನಹಳ್ಳಿ ತಾಲೂಕಿನ ವಿಜಯಪುರದಂಥ ಗೂಡಿನ ಮಾರುಕಟ್ಟೆಗೆ ಬಂದು ಹರಾಜಾಗಬೇಕು. ನೂಲು ಬಿಚ್ಚುವವರು, ಹುರಿ ಮಾಡುವವರು, ಬಣ್ಣ ಹಾಕುವವರು, ಹಾಸು ಸುತ್ತುವವರು ತಮ್ಮ ತಮ್ಮ ಪಾಲಿನ ಕೆಲಸ ಮುಗಿಸಬೇಕು. ಆಮೇಲೆ ನೇಕಾರ, ಅವನ ನಂತರ ಸೀರೆಯನ್ನು ಪೇಟೆ ಮುಟ್ಟಿಸುವ ವ್ಯಾಪಾರಿ. ಗೂಡಿನ ಬೆಲೆ ಏರಿದರೆ ರೈತನಿಗೆ ನೆಮ್ಮದಿ, ನೇಕಾರನಿಗೆ ಸಂಕಟ. ಬಣ್ಣದ ನೀರು ಶುದ್ಧವಾಗದೆ ಹರಿದರೆ ಕೆರೆಯಂಚಿನ ರೈತನಿಗೆ ನಷ್ಟ. ಹೀಗೆ ಒಂದೇ ಹಗ್ಗದ ಎಳೆಗಳಾಗಿರುವ ಈ ಜನ ಕಷ್ಟ ಹೇಳಿಕೊಳ್ಳಲು ಹೋಗುವುದು ಮಾತ್ರ ಬೇರೆ ಬೇರೆ ಬಾಗಿಲಿಗೆ: ರೇಷ್ಮೆ ಇಲಾಖೆ, ಜವಳಿ ಇಲಾಖೆ, ಬೆಸ್ಕಾಂ, ಮಾಲಿನ್ಯ ನಿಯಂತ್ರಣ ಮಂಡಳಿ. ಒಂದು ಕಚೇರಿಯ ಕಡತಕ್ಕೆ ಇನ್ನೊಂದು ಕಚೇರಿಯ ಸುದ್ದಿ ಗೊತ್ತಿರುವುದಿಲ್ಲ. ಇಡೀ ಹಗ್ಗವನ್ನು ಒಟ್ಟಿಗೆ ನೋಡುವವರು ಯಾರು ಎಂಬ ಪ್ರಶ್ನೆಗೆ ನೂರು ವರ್ಷಕ್ಕೂ ಹಿಂದೆಯೇ ನಮ್ಮ ನಾಡು ಒಂದು ಉತ್ತರ ಕಂಡುಕೊಂಡಿತ್ತು. ಅದರ ಹೆಸರು ವಾಣಿಜ್ಯ ಮಂಡಳಿ.

ವಾಣಿಜ್ಯ ಮಂಡಳಿ ಎಂದೊಡನೆ ಜನರ ಕಣ್ಣಿಗೆ ಬರುವುದು ಸಚಿವರಿಗೆ ಶಾಲು ಹೊದಿಸಿ ಮನವಿಪತ್ರ ಕೊಡುವ ಫೋಟೊ, ಬಜೆಟ್ಟಿನ ಮರುದಿನ ಪತ್ರಿಕೆಯಲ್ಲಿ ಬರುವ ಎರಡು ಸಾಲಿನ ಪ್ರತಿಕ್ರಿಯೆ. ಅದಷ್ಟೇ ಅದರ ಕೆಲಸವಾಗಿದ್ದರೆ ಇಂಥ ಸಂಸ್ಥೆಗಳು ಮೂರು ನಾಲ್ಕು ತಲೆಮಾರು ದಾಟಿ ಉಳಿಯುತ್ತಿರಲಿಲ್ಲ. ನನ್ನ ದೃಷ್ಟಿಯಲ್ಲಿ ಮಂಡಳಿ ತನ್ನ ಊರಿಗೆ ಮಾಡುವ ದೊಡ್ಡ ಉಪಕಾರ ಒಂದೇ: ಒಬ್ಬೊಬ್ಬರ ಅಳಲನ್ನು ಊರಿನ ಅಹವಾಲಾಗಿ ಮಾಡಿಕೊಡುವುದು. ಅಳಲಿಗೂ ಅಹವಾಲಿಗೂ ಬಹಳ ಅಂತರವಿದೆ. ಅಳಲಿಗೆ ಕೇಳುವ ಕಿವಿ ಸಿಕ್ಕರೆ ಸಾಕು. ಅಹವಾಲಿಗೆ ಲೆಕ್ಕ ಬೇಕು, ಕಾರಣ ಬೇಕು, ಎದುರಿನವರ ಆಕ್ಷೇಪಕ್ಕೆ ಉತ್ತರ ಬೇಕು. ಎಲ್ಲಕ್ಕಿಂತ ಮೊದಲು, ಹೇಳುವವರು ತಮ್ಮೊಳಗಿನ ಜಗಳವನ್ನು ತಾವೇ ಬಗೆಹರಿಸಿಕೊಂಡು ಬಂದಿರಬೇಕು. ಈ ಕೊನೆಯ ಕೆಲಸ ಹೊರಗೆ ಕಾಣುವುದಿಲ್ಲ, ಆದರೆ ಸಮುದಾಯಕ್ಕೆ ದಕ್ಕುವ ಲಾಭವೆಲ್ಲ ಇರುವುದು ಅದರಲ್ಲೇ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲೂಕುಗಳಿಗೆ ಈ ಕೆಲಸ ಇಂದು ಎಂದಿಗಿಂತ ಹೆಚ್ಚು ಬೇಕಾಗಿದೆ ಎಂಬುದು ಈ ಬರಹದ ವಾದ.

ವ್ಯಾಪಾರಿಗಳು ಒಟ್ಟುಗೂಡಿ ಮಾತಾಡುವ ಪದ್ಧತಿಯನ್ನು ನಾವು ಪರದೇಶದಿಂದ ಕಲಿತೆವು ಎಂದುಕೊಳ್ಳಬೇಕಾಗಿಲ್ಲ. ಫ್ರಾನ್ಸಿನ ಮಾರ್ಸೆ ಬಂದರಿನಲ್ಲಿ 1599ರಲ್ಲಿ ಶುರುವಾದದ್ದು ಜಗತ್ತಿನ ಮೊದಲ ವಾಣಿಜ್ಯ ಮಂಡಳಿ ಎಂದು ಹೇಳುವುದು ವಾಡಿಕೆ. ಆದರೆ ಅದಕ್ಕೆ ಎಷ್ಟೋ ಶತಮಾನ ಮೊದಲು ಕನ್ನಡ ನಾಡಿನಲ್ಲಿ ಅಯ್ಯಾವೊಳೆಯ ಐನೂರ್ವರೆಂಬ ವರ್ತಕರ ಸಂಘ ದಕ್ಷಿಣ ಭಾರತದ ಉದ್ದಗಲಕ್ಕೂ ವ್ಯವಹಾರ ನಡೆಸುತ್ತಿತ್ತು. ಪೇಟೆಗಳಲ್ಲಿ ಪಟ್ಟಣಸ್ವಾಮಿ ಎಂಬ ವರ್ತಕ ಮುಖ್ಯಸ್ಥನಿದ್ದ. ಇಷ್ಟು ಹೇರು ಸರಕಿಗೆ ಇಷ್ಟು ಎಂದು ವರ್ತಕರೇ ಸೇರಿ ತಮ್ಮ ಮೇಲೆ ತಾವು ತೆರಿಗೆ ಹಾಕಿಕೊಂಡು ದೇವಾಲಯಕ್ಕೆ ಬಿಟ್ಟುಕೊಟ್ಟ ದತ್ತಿಗಳನ್ನು ನಮ್ಮ ಶಾಸನಗಳು ದಾಖಲಿಸಿವೆ. ಆ ಸಂಘ ಬೇರೆ, ಇಂದಿನ ಮಂಡಳಿ ಬೇರೆ, ನಿಜ. ಆದರೂ ಆ ಶಾಸನಗಳಲ್ಲಿ ಒಂದು ತಿಳಿವಳಿಕೆ ಸ್ಪಷ್ಟವಾಗಿದೆ: ಪೇಟೆ ಬಾಳಬೇಕಾದರೆ ಊರು ಬಾಳಬೇಕು, ಆದ್ದರಿಂದ ಪೇಟೆಯ ಗಳಿಕೆಯಲ್ಲಿ ಊರಿಗೂ ಪಾಲಿದೆ. ಬ್ರಿಟಿಷರ ಕಾಲದಲ್ಲಿ ಮದರಾಸು ಮತ್ತು ಮುಂಬೈಗಳಲ್ಲಿ 1836ರಲ್ಲಿ ಹುಟ್ಟಿದ ಮಂಡಳಿಗಳು ಬಹುಮಟ್ಟಿಗೆ ಯುರೋಪಿನ ವರ್ತಕರ ಹಿತ ಕಾಯಲು ಹುಟ್ಟಿದವು. ಮೈಸೂರು ಸಂಸ್ಥಾನದಲ್ಲಿ ಮಂಡಳಿ ಹುಟ್ಟಿದ ಬಗೆ ಅದಕ್ಕಿಂತ ಬೇರೆ. ನಮ್ಮ ಜಿಲ್ಲೆಗೆ ಬೇಕಾದ ಪಾಠ ಇರುವುದೂ ಅಲ್ಲೇ.

1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಆರಂಭವಾಯಿತು. ಅದರ ಹಿಂದಿದ್ದ ಚಿಂತನೆ ಆಗ ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ಎಂ. ವಿಶ್ವೇಶ್ವರಯ್ಯನವರದು. ಸಮ್ಮೇಳನದ ಕೆಲಸವನ್ನು ಮೂರು ಸಮಿತಿಗಳಿಗೆ ಹಂಚಲಾಗಿತ್ತು: ವ್ಯವಸಾಯಕ್ಕೆ ಒಂದು, ಶಿಕ್ಷಣಕ್ಕೆ ಒಂದು, ಕೈಗಾರಿಕೆ ಮತ್ತು ವಾಣಿಜ್ಯಕ್ಕೆ ಒಂದು. ಮುಂದಿನ ವರ್ಷವೇ ವಿಶ್ವೇಶ್ವರಯ್ಯನವರು ದಿವಾನರಾದರು. 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಬಂದವು. ಅದೇ 1916ರಲ್ಲಿ ಬೆಂಗಳೂರಿನಲ್ಲಿ ಮೈಸೂರು ವಾಣಿಜ್ಯ ಮಂಡಳಿ ಸ್ಥಾಪನೆಯಾಯಿತು. ಬ್ಯಾಂಕು, ಭಾಷೆಯ ಸಂಸ್ಥೆ, ವಿಶ್ವವಿದ್ಯಾಲಯ, ವರ್ತಕರ ಸಭೆ ಎಲ್ಲವೂ ಮೂರು ನಾಲ್ಕು ವರ್ಷಗಳ ಒಳಗೆ ಒಂದೇ ಮನೆಯ ಮಕ್ಕಳಂತೆ ಹುಟ್ಟಿದ್ದು ಆಕಸ್ಮಿಕವಲ್ಲ. ಹಣ, ವಿದ್ಯೆ, ವ್ಯವಸಾಯ, ವ್ಯಾಪಾರ ಒಂದನ್ನೊಂದು ಬಿಟ್ಟು ಬೆಳೆಯಲಾರವು ಎಂಬ ನಂಬಿಕೆ ಅದರ ಬೇರಿನಲ್ಲಿದೆ. ಆ ಮಂಡಳಿಯೇ ಬೆಳೆದು ಇಂದು ಕೆಂಪೇಗೌಡ ರಸ್ತೆಯಲ್ಲಿರುವ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆ, ಎಲ್ಲರ ಬಾಯಲ್ಲಿ ಎಫ್‌ಕೆಸಿಸಿಐ. ಹುಬ್ಬಳ್ಳಿಯಲ್ಲಿ 1928ರಲ್ಲಿ, ಮಂಗಳೂರಿನಲ್ಲಿ 1940ರಲ್ಲಿ ಆಯಾ ಸೀಮೆಯ ವರ್ತಕರು ತಮ್ಮದೇ ಮಂಡಳಿ ಕಟ್ಟಿಕೊಂಡರು. ಸಣ್ಣ ಕೈಗಾರಿಕೆಗಳ ರಾಜ್ಯ ಸಂಘವಾದ ಕಾಸಿಯಾ 1949ರದು.

ಇಂಥ ಸಂಸ್ಥೆ ದಿನದಿನ ಏನು ಮಾಡುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ಹತ್ತಿರದಲ್ಲಿ ನೋಡಬಹುದು. ವಿದ್ಯುತ್ ದರ ಏರಿಸಬೇಕಾದರೆ ಬೆಸ್ಕಾಂ ತನ್ನಿಷ್ಟದಂತೆ ಏರಿಸುವಂತಿಲ್ಲ. 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಅದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಅರ್ಜಿ ಹಾಕಬೇಕು, ಅರ್ಜಿ ಪ್ರಕಟವಾಗಬೇಕು, ಸಾರ್ವಜನಿಕರ ಆಕ್ಷೇಪ ಕೇಳಿದ ಮೇಲೆ ಆಯೋಗ ತೀರ್ಮಾನಿಸಬೇಕು. ಕಾಗದದ ಮೇಲೆ ಈ ಬಾಗಿಲು ಎರಡು ಮಗ್ಗದ ನೇಕಾರನಿಗೂ ತೆರೆದಿದೆ. ಆದರೆ ಆ ಅರ್ಜಿ ನೂರಾರು ಪುಟದ್ದು. ಸೋರಿಕೆ ಎಷ್ಟು, ವಿದ್ಯುತ್ ಖರೀದಿ ವೆಚ್ಚ ಎಷ್ಟು, ಯಾವ ವರ್ಗದ ಗ್ರಾಹಕರಿಂದ ಎಷ್ಟು ವಸೂಲಿ ಎಂಬ ಕೋಷ್ಟಕಗಳ ಕಾಡು. ಮಗ್ಗ ನಿಲ್ಲಿಸಿ ಅದನ್ನು ಓದಿ, ತಪ್ಪು ಹುಡುಕಿ, ಬರೆದು, ವಿಚಾರಣೆಯ ದಿನ ಬೆಂಗಳೂರಿಗೆ ಹೋಗಿ ವಾದಿಸುವುದು ಅವನಿಂದ ಆಗುವ ಮಾತಲ್ಲ. ಎಫ್‌ಕೆಸಿಸಿಐ, ಕಾಸಿಯಾದಂಥ ಸಂಸ್ಥೆಗಳು ತಿಳಿದವರನ್ನು ಇಟ್ಟುಕೊಂಡು ಆ ಕೋಷ್ಟಕಗಳ ಲೆಕ್ಕ ತೆಗೆದು ಆಕ್ಷೇಪ ಸಲ್ಲಿಸುತ್ತವೆ. 2023ರ ಮೇ ತಿಂಗಳಲ್ಲಿ ಆಯೋಗ ಯೂನಿಟ್ಟಿಗೆ ಸರಾಸರಿ 70 ಪೈಸೆ ಏರಿಸಿದಾಗ ಹುಬ್ಬಳ್ಳಿಯ ವಾಣಿಜ್ಯೋದ್ಯಮ ಸಂಸ್ಥೆ ಜೂನ್ 22ರಂದು ಉದ್ಯಮ ಬಂದ್‌ಗೆ ಕರೆ ಕೊಟ್ಟಿತು, ಹಲವು ಜಿಲ್ಲೆಗಳ ಮಂಡಳಿಗಳು ಜೊತೆಯಾದವು. ಬಂದ್ ಎಲ್ಲರ ಕಣ್ಣಿಗೆ ಬಿತ್ತು. ಅದರ ಹಿಂದೆ ವರ್ಷವರ್ಷವೂ ನಡೆಯುವ ಲೆಕ್ಕದ ದುಡಿಮೆ ಕಣ್ಣಿಗೆ ಬೀಳುವುದಿಲ್ಲ. ರಫ್ತುದಾರನಿಗೆ ಸರಕು ಇಲ್ಲಿಯದೇ ಎಂದು ಮೂಲ ಪ್ರಮಾಣಪತ್ರ ಕೊಡುವುದು, ಹೊಸ ತೆರಿಗೆ ನಿಯಮ ಬಂದಾಗ ಕಾರ್ಯಾಗಾರ ನಡೆಸುವುದು, ಬಜೆಟ್ಟಿಗೆ ಮುಂಚೆ ಬೇಡಿಕೆಗಳನ್ನು ಕ್ರೋಡೀಕರಿಸುವುದು ಎಲ್ಲವೂ ಇದೇ ಜಾತಿಯ ಸದ್ದಿಲ್ಲದ ಕೆಲಸಗಳು.

ಈಗ ನಮ್ಮ ಜಿಲ್ಲೆಯನ್ನು ನೋಡೋಣ. ಬೆಂಗಳೂರು ಗ್ರಾಮಾಂತರ 1986ರ ಆಗಸ್ಟ್ 15ರಂದು ಪ್ರತ್ಯೇಕ ಜಿಲ್ಲೆಯಾಯಿತು. 2007ರಲ್ಲಿ ರಾಮನಗರ ಬೇರೆಯಾದ ಮೇಲೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಉಳಿದವು. ಜಿಲ್ಲೆ ಹುಟ್ಟಿ ಸುಮಾರು ಮೂರು ದಶಕ ಅದರ ಜಿಲ್ಲಾಧಿಕಾರಿ ಕಚೇರಿಯೇ ಬೆಂಗಳೂರು ನಗರದಲ್ಲಿತ್ತು; ದೇವನಹಳ್ಳಿ ತಾಲೂಕಿನ ಬೀರಸಂದ್ರಕ್ಕೆ ಬಂದದ್ದು ಆಮೇಲೆ. 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ತೀರ್ಮಾನಿಸಿತು. ನಗರದ ನೆರಳು ಹೆಸರಿನಲ್ಲೂ ಇದೆ, ಬದುಕಿನಲ್ಲೂ ಇದೆ. ವ್ಯಾಪಾರದ ತೂಕ ಮಾತ್ರ ಸಣ್ಣದಲ್ಲ. ಹೊಸಕೋಟೆಯ ಬಳಿ ವೋಲ್ವೊ ಕಾರ್ಖಾನೆ 1998ರಲ್ಲಿ ಶುರುವಾಯಿತು. ದೇವನಹಳ್ಳಿಯಲ್ಲಿ 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ತೆರೆಯಿತು, ಈಚೆಗೆ ಫಾಕ್ಸ್‌ಕಾನ್ ಐಫೋನ್ ತಯಾರಿಕೆಗೆ ಬಂದಿದೆ. ದೊಡ್ಡಬಳ್ಳಾಪುರದಲ್ಲಿ ಬಾಶೆಟ್ಟಿಹಳ್ಳಿಯ ಕೈಗಾರಿಕಾ ಪ್ರದೇಶ, ಸಿದ್ಧ ಉಡುಪಿನ ಅಪೆರಲ್ ಪಾರ್ಕ್. ನೆಲಮಂಗಲ ತಾಲೂಕಿನಲ್ಲಿ ದಾಬಸ್‌ಪೇಟೆ, ಸೋಂಪುರ, ಹೆದ್ದಾರಿಯುದ್ದಕ್ಕೂ ಗೋದಾಮುಗಳು. ಜಿಲ್ಲೆಗೆ ಉದ್ಯಮ ಕಡಿಮೆಯೇನಿಲ್ಲ. ಕಡಿಮೆಯಿರುವುದು ಈ ಉದ್ಯಮ ಮತ್ತು ಈ ಊರುಗಳ ನಡುವಿನ ಮಾತುಕತೆ. ನೇಕಾರರಿಗೆ ಅವರ ಹೋರಾಟ ಸಮಿತಿ, ಕೈಗಾರಿಕಾ ಪ್ರದೇಶಗಳಿಗೆ ಅವುಗಳ ಸಂಘ, ಪೇಟೆ ವರ್ತಕರಿಗೆ ಅವರ ಸಂಘ, ರೈತರಿಗೆ ರೈತ ಸಂಘಗಳು ಇವೆ. ಎಲ್ಲರೂ ಮೇಲೆ ನೋಡಿ ಮಾತಾಡುತ್ತಾರೆ, ವಿಧಾನಸೌಧದ ಕಡೆಗೆ. ಅಕ್ಕಪಕ್ಕ ನೋಡಿ ಮಾತಾಡುವ ಜಗಲಿ ಇನ್ನೂ ಗಟ್ಟಿಯಾಗಿಲ್ಲ.

ಆ ಜಗಲಿ ವಾಣಿಜ್ಯ ಮಂಡಳಿಯೇ ಆಗಬೇಕು ಎಂದರೆ ಬರುವ ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತಿರುವುದೇ: ವಾಣಿಜ್ಯ ಮಂಡಳಿ ಉಳ್ಳವರ ಕೂಟ, ಬಡ ನೇಕಾರನಿಗೂ ಕೂಲಿಯವನಿಗೂ ಅದರಿಂದ ಏನು ಬಂತು? ಈ ಮಾತಿನಲ್ಲಿ ಹುರುಳಿದೆ. 2024ರ ಜುಲೈನಲ್ಲಿ ಖಾಸಗಿ ಉದ್ಯಮಗಳಲ್ಲಿ ಆಡಳಿತ ಹುದ್ದೆಗಳ ಶೇ 50, ಉಳಿದ ಹುದ್ದೆಗಳ ಶೇ 70ರಷ್ಟನ್ನು ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ ಸಂಪುಟ ಒಪ್ಪಿದಾಗ ಉದ್ಯಮ ವಲಯದಿಂದ ಬಲವಾದ ವಿರೋಧ ಬಂತು, ಸರ್ಕಾರ ಮಸೂದೆಯನ್ನು ತಡೆಹಿಡಿಯಿತು. ಭೂಮಿ ಕೊಟ್ಟ ಹಳ್ಳಿಯ ಹುಡುಗ ತನ್ನೂರಿನ ಕಾರ್ಖಾನೆಯ ಗೇಟಿನ ಹೊರಗೆ ನಿಂತಿರುವಾಗ ಉದ್ಯಮಿಗಳ ಸಂಘಟನೆ ತನ್ನ ಪರ ಎಂದು ಅವನು ಹೇಗೆ ನಂಬಬೇಕು? ಆದರೂ ದೊಡ್ಡವರ ವಿಷಯದಲ್ಲಿ ಒಂದು ಸರಳ ಸತ್ಯ ಮರೆಯಬಾರದು. ಬಹುರಾಷ್ಟ್ರೀಯ ಕಂಪನಿಗೆ ಮಂಡಳಿ ಬೇಕಾಗಿಲ್ಲ; ಅದಕ್ಕೆ ತನ್ನದೇ ವಕೀಲರಿದ್ದಾರೆ, ಸಚಿವರ ಮನೆಗೆ ನೇರ ದಾರಿಯಿದೆ. ಕೂಡಿ ನಿಲ್ಲುವುದರಿಂದ ಹೆಚ್ಚು ಲಾಭ ಒಂಟಿಯಾಗಿ ನಿಲ್ಲಲಾರದವರಿಗೆ. ಬಾಕಿ ಹಣದ ವಿಷಯ ತೆಗೆದುಕೊಳ್ಳಿ. 2006ರ ಎಂಎಸ್‌ಎಂಇ ಕಾಯ್ದೆಯಂತೆ ಸಣ್ಣ ಘಟಕದಿಂದ ಮಾಲು ಪಡೆದವರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಸೇರಿಸಿ ಕೊಡಬೇಕು. ಕಾಯ್ದೆ ಚೆನ್ನಾಗಿದೆ. ಆದರೆ ಒಬ್ಬನೇ ಗಿರಾಕಿಯನ್ನು ನಂಬಿ ಬಿಡಿಭಾಗ ಮಾಡುವ ಸಣ್ಣ ಶೆಡ್ಡಿನವನು ಆ ಗಿರಾಕಿಯ ಮೇಲೆ ದೂರು ಕೊಡುತ್ತಾನೆಯೇ? ದೂರು ಕೊಟ್ಟ ಮರುದಿನ ಆರ್ಡರ್ ನಿಲ್ಲುತ್ತದೆ ಎಂಬ ಭಯ ಅವನ ಬಾಯಿ ಕಟ್ಟುತ್ತದೆ. ಇಪ್ಪತ್ತು ಘಟಕಗಳ ಬಾಕಿಯನ್ನು ಒಟ್ಟುಮಾಡಿ, ಯಾರ ಹೆಸರನ್ನೂ ಎತ್ತದೆ, ದೊಡ್ಡವರನ್ನು ಕೂರಿಸಿ ಕೇಳಬಲ್ಲದ್ದು ಸಂಘವೊಂದೇ. ಹಾಗಾಗಿ ಉಳ್ಳವರ ಕೂಟವೆಂಬ ದೂರಿಗೆ ಪರಿಹಾರ ಇರುವುದು ಸಣ್ಣವರು ಒಳಗೆ ಹೋಗಿ ಕೂರುವುದರಲ್ಲಿ. ಅವರು ದೂರ ಉಳಿದಷ್ಟೂ ಆ ದೂರು ಇನ್ನಷ್ಟು ನಿಜವಾಗುತ್ತದೆ.

ಎರಡನೆಯ ಆಕ್ಷೇಪ ಹೊಸ ಕಾಲದ್ದು. ಎಲ್ಲವೂ ಆನ್‌ಲೈನ್ ಆಗಿದೆ. ತೆರಿಗೆಗೆ ಪೋರ್ಟಲ್, ಪರವಾನಗಿಗೆ ಏಕಗವಾಕ್ಷಿ, ದೂರಿಗೆ ಮೊಬೈಲ್ ಇರುವಾಗ ನಡುವೆ ಮಂಡಳಿ ಯಾಕೆ? ಇದಕ್ಕೆ ಉತ್ತರ 2025ರ ಜುಲೈ ತಿಂಗಳೇ ಕೊಟ್ಟಿತು. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಈ ನಿಯಮ ಹೊಸದೇನಲ್ಲ. ಆದರೆ ಬೇಕರಿಯವರು, ಹಾಲು ಮತ್ತು ತರಕಾರಿ ಅಂಗಡಿಯವರು ಗಾಬರಿಯಿಂದ ಕ್ಯೂಆರ್ ಕೋಡ್ ಕಿತ್ತು 'ನಗದು ಮಾತ್ರ' ಎಂಬ ಚೀಟಿ ಅಂಟಿಸಿದರು. ತರಕಾರಿ, ಹಾಲಿನಂಥ ಎಷ್ಟೋ ಮಾಲಿಗೆ ತೆರಿಗೆಯೇ ಇಲ್ಲ, ಖಾತೆಗೆ ಬಂದ ಹಣವೆಲ್ಲ ವ್ಯಾಪಾರದ್ದೂ ಆಗಿರಬೇಕಿಲ್ಲ, ಸಣ್ಣವರಿಗೆ ರಾಜಿ ತೆರಿಗೆಯ ಸುಲಭ ದಾರಿಯೂ ಇದೆ. ಇದನ್ನೆಲ್ಲ ಆ ಅಂಗಡಿಯವರಿಗೆ ಮೊದಲೇ ತಿಳಿಹೇಳುವವರು ಬೇಕಿತ್ತು, ಇಲಾಖೆಗೆ ಅಂಗಡಿಯ ವಾಸ್ತವ ಹೇಳುವವರೂ ಬೇಕಿತ್ತು. ಮುಷ್ಕರದ ಕರೆ ಬಂದು, ಜುಲೈ 23ರಂದು ಮುಖ್ಯಮಂತ್ರಿ ವ್ಯಾಪಾರಿಗಳ ಸಭೆ ಕರೆದು ಮಾತಾಡಿದ ಮೇಲಷ್ಟೇ ವಿಷಯ ತಣ್ಣಗಾಯಿತು. ಪೋರ್ಟಲ್ ಅರ್ಜಿ ತೆಗೆದುಕೊಳ್ಳುತ್ತದೆ, ಭಯವನ್ನು ತೆಗೆದುಕೊಳ್ಳುವುದಿಲ್ಲ. ಯಂತ್ರ ಲೆಕ್ಕ ಹಿಡಿಯುವುದರಲ್ಲಿ ಚುರುಕಾದಷ್ಟೂ ಆ ಲೆಕ್ಕಕ್ಕೆ ಅರ್ಥ ಹೇಳುವ ಮನುಷ್ಯರ ಸಂಸ್ಥೆ ಹೆಚ್ಚು ಬೇಕಾಗುತ್ತದೆ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಭಾರವಾದದ್ದು, ಈ ಜಿಲ್ಲೆಯ ಮಣ್ಣಿನಿಂದಲೇ ಎದ್ದದ್ದು. ದೇವನಹಳ್ಳಿ ತಾಲೂಕು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಮಿಯನ್ನು ಏರೋಸ್ಪೇಸ್ ಪಾರ್ಕಿಗೆ ಸ್ವಾಧೀನಪಡಿಸಿಕೊಳ್ಳಲು ಹೊರಟಾಗ ರೈತರು 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. ಮೂರು ವರ್ಷಕ್ಕೂ ಮಿಕ್ಕಿ ನಡೆದ ಹೋರಾಟಕ್ಕೆ ಮಣಿದು 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಟ್ಟಿತು. ಹೀಗಿರುವಾಗ ಉದ್ಯಮಿಗಳ ಸಂಸ್ಥೆಯನ್ನು ಬಲಪಡಿಸಿ ಎನ್ನುವುದು ರೈತನ ಎದುರಾಳಿಗೆ ಬಲ ತುಂಬಿದ ಹಾಗಲ್ಲವೇ? ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಉದ್ಯಮಕ್ಕೆ ನೆಲ ಬೇಕು, ರೈತನಿಗೆ ನೆಲವೇ ಬದುಕು. ಈ ಎರಡು ಹಿತ ಯಾವಾಗಲೂ ಒಂದಾಗುತ್ತವೆ ಎಂದು ಹೇಳಿದರೆ ಅದು ಸುಳ್ಳು. ಆದರೆ ಆ ಮೂರು ವರ್ಷಗಳಲ್ಲಿ ಗೆದ್ದವರು ಯಾರು ಎಂದು ಕೇಳಿ ನೋಡಿ. ರೈತರು ಬೇಸಾಯದ ದಿನಗಳನ್ನು ಟೆಂಟಿನಲ್ಲಿ ಕಳೆದರು. ಉದ್ಯಮಗಳು ಬರುವುದೋ ಬೇಡವೋ ಎಂಬ ಅನಿಶ್ಚಯದಲ್ಲಿ ನಿಂತವು, ಸ್ವಾಧೀನ ಕೈಬಿಟ್ಟ ಬೆನ್ನಲ್ಲೇ ನೆರೆಯ ಆಂಧ್ರದ ಸಚಿವರು ಅವುಗಳಿಗೆ ತಮ್ಮಲ್ಲಿಗೆ ಬನ್ನಿ ಎಂದು ಬಹಿರಂಗ ಆಹ್ವಾನ ಕೊಟ್ಟರು. ಯಾವ ನೆಲ ಹಿಪ್ಪುನೇರಳೆ, ದ್ರಾಕ್ಷಿ, ತರಕಾರಿ ಕೊಡುತ್ತದೆ, ಎಲ್ಲಿ ಕೊಳವೆಬಾವಿ ಬತ್ತಿದೆ, ಹಿಂದೆ ಕೈಗಾರಿಕೆಗೆಂದು ಪಡೆದ ಯಾವ ನಿವೇಶನ ಖಾಲಿ ಬಿದ್ದಿದೆ ಎಂಬುದು ಸ್ಥಳೀಯರಿಗೆ ಗೊತ್ತಿರುವಷ್ಟು ರಾಜಧಾನಿಯ ನಕ್ಷೆಗೆ ಗೊತ್ತಿರುವುದಿಲ್ಲ. ರೈತರೂ ಉದ್ಯಮಿಗಳೂ ಅಧಿಸೂಚನೆಗೆ ಮೊದಲೇ ಒಂದೇ ಮೇಜಿಗೆ ಬರುವ ಜಾಗ ಇಲ್ಲದಿದ್ದರೆ ಅವರು ಭೇಟಿಯಾಗುವುದು ರಸ್ತೆಯಲ್ಲಿ, ನಡುವೆ ಪೊಲೀಸರನ್ನು ಇಟ್ಟುಕೊಂಡು. ಮೇಜು ಜಗಳವನ್ನು ಇಲ್ಲವಾಗಿಸುವುದಿಲ್ಲ. ಜಗಳ ಬೇಗ ಬಯಲಾಗುವಂತೆ, ಕಡಿಮೆ ನೋವಿನಲ್ಲಿ ತೀರುವಂತೆ ಮಾಡುತ್ತದೆ.

ನೀರಿನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರ ತಾಲೂಕಿನ ಕೆರೆಗಳ ಸರಪಣಿ ದಾಟಿ ಹೆಸರಘಟ್ಟಕ್ಕೆ, ಅಲ್ಲಿಂದ ತಿಪ್ಪಗೊಂಡನಹಳ್ಳಿಗೆ ಹರಿಯಬೇಕಾದ ನದಿ. ಬೆಂಗಳೂರಿನ ಮೊದಲ ನಲ್ಲಿ ನೀರು 1890ರ ದಶಕದಲ್ಲಿ ಬಂದದ್ದು ಆ ಹೆಸರಘಟ್ಟದಿಂದಲೇ. ಇಂದು ದೊಡ್ಡತುಮಕೂರು ಮತ್ತು ಸುತ್ತಲಿನ ಕೆರೆಗಳಿಗೆ ಊರಿನ ಒಳಚರಂಡಿ ನೀರೂ ಕೈಗಾರಿಕೆಗಳ ತ್ಯಾಜ್ಯವೂ ಸೇರುತ್ತಿದೆ ಎಂದು ಗ್ರಾಮಸ್ಥರು ವರ್ಷಗಳಿಂದ ಹೋರಾಡುತ್ತಿದ್ದಾರೆ. ತ್ಯಾಜ್ಯ ಶುದ್ಧಿ ಮಾಡುವ ಘಟಕ ಹಾಕಿಕೊಂಡ ಪ್ರಾಮಾಣಿಕ ಉದ್ಯಮಿಗೆ ಅದರಿಂದ ಖರ್ಚು ಹೆಚ್ಚು. ರಾತ್ರಿ ವೇಳೆ ಕಾಲುವೆಗೆ ಬಿಡುವವನಿಗೆ ಖರ್ಚಿಲ್ಲ. ಅಂದರೆ ಕೆರೆ ಕೆಡಿಸುವವನು ರೈತನಿಗೆ ಮಾತ್ರವಲ್ಲ, ಪಕ್ಕದ ಶೆಡ್ಡಿನ ಪ್ರಾಮಾಣಿಕನಿಗೂ ಮೋಸ ಮಾಡುತ್ತಿದ್ದಾನೆ. ಯಾರು ಎಲ್ಲಿ ಬಿಡುತ್ತಾರೆ ಎಂಬುದು ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಬರುವ ಅಧಿಕಾರಿಗಿಂತ ಪಕ್ಕದ ಶೆಡ್ಡಿನವನಿಗೆ ಚೆನ್ನಾಗಿ ಗೊತ್ತು. ತನ್ನ ಸದಸ್ಯರ ನಡುವೆಯೇ ಶಿಸ್ತು ತರುವ, ಸಣ್ಣ ಘಟಕಗಳು ಒಟ್ಟಾಗಿ ಬಳಸುವ ಶುದ್ಧೀಕರಣ ಘಟಕಕ್ಕೆ ಸರ್ಕಾರದ ಬೆನ್ನು ಹತ್ತುವ ಉದ್ಯಮಿ ಸಂಘ ಗ್ರಾಮಸ್ಥರ ಹೋರಾಟಕ್ಕೆ ಎದುರಾಳಿಯಾಗುವುದಿಲ್ಲ. ಅದು ಆ ಹೋರಾಟದ ಇನ್ನೊಂದು ಕೈಯಾಗುತ್ತದೆ.

ಹಾಗಾದರೆ ಜಿಲ್ಲೆಯ ಜನ ತಮ್ಮ ವರ್ತಕ ಮತ್ತು ಉದ್ಯಮಿ ಸಂಸ್ಥೆಗಳಿಂದ ಏನನ್ನು ಕೇಳಬೇಕು? ದಾನಧರ್ಮ ಕೇಳಬೇಕಾಗಿಲ್ಲ, ಶಾಲೆಗೆ ಬೆಂಚು, ಆಸ್ಪತ್ರೆಗೆ ಹಾಸಿಗೆ ಕೊಟ್ಟರೆ ಸಂತೋಷ, ಆದರೆ ಅದು ಅವರ ಮೂಲ ಕೆಲಸವಲ್ಲ. ಕೇಳಬೇಕಾದ್ದು ಮೂರು. ಸರ್ಕಾರಕ್ಕೆ ಕೊಟ್ಟ ಪ್ರತಿ ಮನವಿಯೂ ಕನ್ನಡದಲ್ಲಿ, ಎಲ್ಲರೂ ಓದುವಂತೆ ಪ್ರಕಟವಾಗಬೇಕು. ಗುಟ್ಟಿನಲ್ಲಿ ಕೊಟ್ಟದ್ದು ಊರಿನ ಅಹವಾಲಾಗುವುದಿಲ್ಲ. ಆಡಳಿತ ಸಮಿತಿಯಲ್ಲಿ ನೇಕಾರರಿಗೆ, ನೂಲು ಬಿಚ್ಚುವವರಿಗೆ, ಮಹಿಳಾ ಉದ್ಯಮಿಗಳಿಗೆ, ರೈತ ಉತ್ಪಾದಕರ ಕಂಪನಿಗಳಿಗೆ ಮಾತಾಡುವ ಕುರ್ಚಿ ಇರಬೇಕು. ಸದಸ್ಯ ಕಾರ್ಖಾನೆಗಳಿಗೆ ಯಾವ ಕೆಲಸಗಾರರು ಬೇಕು, ಅದಕ್ಕೆ ಯಾವ ತರಬೇತಿ ಬೇಕು ಎಂಬ ಪಟ್ಟಿ ತಾಲೂಕಿನ ಐಟಿಐ, ಪಾಲಿಟೆಕ್ನಿಕ್ ಮತ್ತು ಕಾಲೇಜುಗಳಿಗೆ ವರ್ಷವರ್ಷವೂ ಸೇರಬೇಕು. ಸ್ಥಳೀಯರಿಗೆ ಕೌಶಲವಿಲ್ಲ ಎನ್ನುವವರು ಯಾವ ಕೌಶಲ ಎಂದು ಮೊದಲು ಬರೆದು ಕೊಡಬೇಕು; ಬರೆದು ಕೊಟ್ಟ ಮೇಲೂ ಊರು ಕಲಿಸದಿದ್ದರೆ ಆಗ ತಪ್ಪು ಊರಿನದು.

ಈ ಬೇಡಿಕೆಗಳು ಮಂಡಳಿಯ ಸ್ವಭಾವಕ್ಕೆ ಹೊರಗಿನವು ಎಂದು ಯಾರಾದರೂ ಹೇಳಿದರೆ 1911ರ ಸಮ್ಮೇಳನದ ಮೂರು ಸಮಿತಿಗಳನ್ನು ನೆನಪಿಸಬೇಕು. ಅದನ್ನು ಕಲ್ಪಿಸಿದ ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿ ದೇವನಹಳ್ಳಿ ದಾಟಿ ಚಿಕ್ಕಬಳ್ಳಾಪುರದ ಕಡೆ ಸಾಗಿದರೆ ಸಿಗುವ ಹಳ್ಳಿ. ಈ ಸೀಮೆಯ ಹೊಲ, ಕೆರೆ, ಸಂತೆಗಳೇ ಅವರು ಮೊದಲು ಕಂಡ ಜಗತ್ತು. ಅವರು ವಾಣಿಜ್ಯವನ್ನು ವ್ಯವಸಾಯ ಮತ್ತು ಶಿಕ್ಷಣದ ಪಕ್ಕದಲ್ಲಿ ಕೂರಿಸಿದರು. ದೂರದ ಬೇರೆ ಕೋಣೆಗೆ ಕಳಿಸಲಿಲ್ಲ. ಮಂಡಳಿ ಮುಂದೆ ನಗರದಲ್ಲಿ ಬೆಳೆದು, ನಗರದ ಭಾಷೆ ಕಲಿತು, ಹೊಲದ ಪಕ್ಕದ ಆ ಕುರ್ಚಿಯಿಂದ ಸ್ವಲ್ಪ ದೂರ ಸರಿಯಿತು. ಅದನ್ನು ಮತ್ತೆ ಹತ್ತಿರ ಎಳೆದು ಹಾಕಲು ಬೆಂಗಳೂರು ಗ್ರಾಮಾಂತರಕ್ಕಿಂತ ತಕ್ಕ ಜಿಲ್ಲೆ ಇಲ್ಲ, ಏಕೆಂದರೆ ಇಲ್ಲಿ ರನ್‌ವೇ ಮತ್ತು ಹಿಪ್ಪುನೇರಳೆ ತೋಟ ಒಂದೇ ತಾಲೂಕಿನಲ್ಲಿವೆ. ಗೂಡು ಬೆಳೆದವನು, ಬಣ್ಣ ಹಾಕುವವನು, ಮಗ್ಗ ನಡೆಸುವವನು, ಕೆರೆಯಂಚಿನಲ್ಲಿ ಉಳುವವನು ತಿಂಗಳಿಗೊಮ್ಮೆ ಒಂದೇ ಕೋಣೆಯಲ್ಲಿ ಕೂತು ಒಬ್ಬರ ಲೆಕ್ಕವನ್ನು ಇನ್ನೊಬ್ಬರ ಮುಂದಿಡಲಿ. ಆ ಕೋಣೆಯಿಂದ ಹೊರಡುವ ಮನವಿಗೆ ನಾಲ್ವರ ಸಹಿಯಿದ್ದರೆ ಅದನ್ನು ಕಡತದ ಅಡಿಗೆ ತಳ್ಳುವುದು ಯಾವ ಕಚೇರಿಗೂ ಸುಲಭವಾಗದು.